ಉಪದೇಶಿಗಳ ಎಡಗೈ

ಮಹಾಯುದ್ಧಕ್ಕೆ ಮುಂಚೆ ಹುಬ್ಬಳ್ಳಿಯ ನಮ್ಮ ಸಣ್ಣ ಚರ್ಚಿನಲ್ಲಿ ಒಬ್ಬ ಉಪದೇಶಿಗಳಿದ್ದರು. ಬೈಬಲಿನ ದಾವೀದ ರಾಜನ ವಂಶಕ್ಕೆ ದೇವರು ಮಾಡಿಕೊಟ್ಟ ಒಡಂಬಡಿಕೆ ಎಂದರೆ ಅವರಿಗೆ ಪ್ರಾಣ. “ನಿನ್ನ ಮಗಾ ತಪ್ಪಿದ್ರ ಹೊಡೀತೇನಿ, ಆದ್ರ ಕೈ ಬಿಡೂದಿಲ್ಲ ಅಂದಾನ ದೇವರು,” ಎನ್ನುತ್ತ ಬಲಗೈಯನ್ನು ಬೆತ್ತದಂತೆ ಎತ್ತಿ, ಎಡಗೈಯಲ್ಲಿ ಯಾರದೋ ಕೈ ಹಿಡಿದವರಂತೆ ಮುಷ್ಟಿ ಬಿಗಿಯುತ್ತಿದ್ದರು. “ಸಿಂಹಾಸನ ಹೋತು, ಮಾತು ಹೋಗಲಿಲ್ಲ. ಅದಕ್ಕ ಯೇಸು ಆ ಮನೆತನದಾಗ ಹುಟ್ಟಿದ. ನಮ್ಮ ಪೆಟ್ಟು ತಾನ ತಿಂದ.”

ಅವರ ಮಗ ಗಿರಣಿಯಲ್ಲಿ ನೂಲು ಕದ್ದು ಜೈಲಿಗೆ ಹೋದ. ಬಿಡುಗಡೆಯಾಗಿ ಬಂದವನು ಒಂದು ಭಾನುವಾರ, ತಂದೆ ಬೈಬಲ್ ಓದುತ್ತಿದ್ದಾಗ, ಚರ್ಚಿನ ಬಾಗಿಲಲ್ಲಿ ನಿಂತ. ಸಭೆಯ ಹಿರಿಯರೊಬ್ಬರು ಎದ್ದು, “ಉಪದೇಶಿಗಳ, ಇವನ್ನ ಒಳಗ ಕರ್ಕೋಬ್ಯಾಡ್ರಿ. ಮಂದಿ ಏನಂದಾರು,” ಎಂದರು.

ಉಪದೇಶಿಗಳು ಬಾಗಿಲಿಗೆ ಹೋದರು. ಬಲಗೈ ಮೇಲೆದ್ದಿತು, ಹೊಡೆದೇಬಿಡುತ್ತಾರೆ ಅಂದುಕೊಂಡೆವು. ಅದು ಕೆಳಗಿಳಿಯಿತು. ಎಡಗೈಯಿಂದ ಮಗನ ಮಣಿಕಟ್ಟು ಹಿಡಿದು ಮುಂದೆ ಕರೆತಂದು, ಪಕ್ಕದಲ್ಲಿ ನಿಲ್ಲಿಸಿಕೊಂಡು, ಬಲಗೈಯಲ್ಲಿ ಬೈಬಲ್ ಎತ್ತಿಕೊಂಡು ಓದು ಮುಂದುವರಿಸಿದರು.

ಪುಟ ಮುಗಿಯಿತು. ತಿರುವಲು ಇನ್ನೊಂದು ಕೈ ಬೇಕಿತ್ತು. ಅವರು ಮಗನ ಕೈ ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಆ ಹಿರಿಯರೇ ಎದ್ದು ಬಂದು ಪುಟ ತಿರುವಿದರು.