ಪರಿಚಯ ಮಾಡಿಕೊಂಡೇ ಒಳಗೆ ಬನ್ನಿ

ಈ ಸಲ ಸ್ಕೂಲು ಶುರುವಾದ ವಾರವೇ ನಮ್ಮಮ್ಮ ರಾಯಲ್ಪಾಡಿನಿಂದ ನಮ್ಮ ಮನೆಗೆ ಬಂದಳು. ಬಂದವಳು ಹೊಸಿಲನ್ನೂ ತುಳಿಯದೆ ವಾಪಸು ಹೋದಳು.

ನಾನು ಜಗಳ ಆಡಿರಲಿಲ್ಲ. ಆಗ ನಾನು ಸ್ಕೂಲಿನಲ್ಲಿ ಮಕ್ಕಳಿಗೆ ಸಂಧಿ ಬಿಡಿಸುತ್ತಿದ್ದೆ. ನಮ್ಮ ಯಜಮಾನರೂ ಆಡಿರಲಿಲ್ಲ. (ಅತ್ತೆಯ ಜೊತೆ ಜಗಳವಾಡುವ ಧೈರ್ಯ ಅವರಿಗೆ ಈ ಜನ್ಮದಲ್ಲಿ ಬರುವುದಿಲ್ಲ.) ಅಮ್ಮನನ್ನು ವಾಪಸು ಕಳಿಸಿದ್ದು ನಮ್ಮ ಕಾಲೊನಿಯ ಕ್ಷೇಮಾಭಿವೃದ್ಧಿ ಸಂಘ.

ಕೋಲಾರದ ಅಂಚಿನಲ್ಲಿರುವ ನಮ್ಮ ಕಾಲೊನಿಯನ್ನು ನೀವು ನೋಡಿರಬಹುದು. ಸುತ್ತ ಕಾಂಪೌಂಡು, ಒಂದು ಗೇಟು, ಗೇಟಿಗೊಬ್ಬ ವಾಚ್‌ಮನ್. ಮೇಷ್ಟ್ರುಗಳು, ಬ್ಯಾಂಕಿನವರು, ತಾಲ್ಲೂಕು ಆಫೀಸಿನವರು ಸೊಸೈಟಿ ಸಾಲ ಮಾಡಿ ಕಟ್ಟಿಕೊಂಡ ಮನೆಗಳು. ಎಲ್ಲರೂ ಹಳ್ಳಿಯಿಂದ ಬಂದವರೇ. ಆದರೆ ಅದು ಯಾರಿಗೂ ಗೊತ್ತಾಗಬಾರದು ಎಂಬುದು ನಮ್ಮ ಅಧ್ಯಕ್ಷರ ಆಸೆ.

ಅಧ್ಯಕ್ಷರು ರೆವಿನ್ಯೂ ಇಲಾಖೆಯಲ್ಲಿದ್ದು ರಿಟೈರಾದವರು. ಕೆಟ್ಟ ಮನುಷ್ಯರಲ್ಲ. ಆದರೆ ಕೈಕೆಳಗೆ ಗುಮಾಸ್ತರಿಲ್ಲದೆ ಕೈಕಾಲು ಆಡುತ್ತಿರಲಿಲ್ಲ. ಹಾಗಾಗಿ ನಾವೆಲ್ಲ ಅವರ ಗುಮಾಸ್ತರಾದೆವು. ರಸ್ತೆಯಲ್ಲಿ ರಾಗಿ ಒಣಗಿಸಬಾರದು. ಮನೆ ಮುಂದೆ ಬಟ್ಟೆ ಹರವಬಾರದು. ಮಧ್ಯಾಹ್ನ ಒರಳಲ್ಲಿ ರುಬ್ಬಬಾರದು. ಟೀವಿ ಆಂಟೆನಾ ಪಕ್ಕದ ಮನೆಯ ಕಡೆ ವಾಲಬಾರದು. ಎಲ್ಲಕ್ಕೂ ನಾವು ಹೂಂ ಎಂದೆವು. ಕೊನೆಗೆ ಬಂತು ನೋಡಿ, ಹೊಸ ನಿಯಮ: ಕಾಲೊನಿಯಲ್ಲಿ ರಾತ್ರಿ ತಂಗುವ ನೆಂಟರು ಮೊದಲು ಅಧ್ಯಕ್ಷರ ಮನೆಗೆ ಹೋಗಿ, ಖುದ್ದಾಗಿ ಪರಿಚಯ ಮಾಡಿಕೊಂಡೇ ಮುಂದೆ ಹೋಗಬೇಕು. ಕಳ್ಳಕಾಕರ ಭಯವಂತೆ.

(ನಮ್ಮ ಯಜಮಾನರು ಕಮಿಟಿ ಮೆಂಬರು. ಈ ನಿಯಮ ಆದ ಸುದ್ದಿಯನ್ನು ಅವರು ಮನೆಯಲ್ಲಿ ಹೇಳಲೇ ಇಲ್ಲ.)

ಅಮ್ಮ ಬಂದಳು. ಕೈಯಲ್ಲೊಂದು ಚೀಲ, ಅದರ ತುಂಬ ತೋಟದ ಬಾದಾಮಿ ಮಾವಿನ ಹಣ್ಣು. ವಾಚ್‌ಮನ್ ಅಧ್ಯಕ್ಷರ ಮನೆ ತೋರಿಸಿದ. ಅಧ್ಯಕ್ಷರು ಅಮ್ಮನನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿ, ಹೆಸರು ಕೇಳಿದರು, ಊರು ಕೇಳಿದರು. ಆಮೇಲೆ ಕೇಳಬಾರದ್ದನ್ನು ಕೇಳಿದರು.

"ಎಷ್ಟು ದಿನ ಇರ್ತೀರಿ? ಯಾವತ್ತು ಹೋಗ್ತೀರಿ?"

ಬಂದ ನೆಂಟರನ್ನು ನಮ್ಮ ಕಡೆ ಯಾರಾದರೂ ಹೀಗೆ ಕೇಳುತ್ತಾರೆಯೇ? ತಿಂಗಳುಗಟ್ಟಲೆ ಕೂತು ತಿನ್ನುವ ಸೋದರಮಾವನನ್ನೂ ಕೇಳುವುದಿಲ್ಲ. ಅಮ್ಮ ಹಣ್ಣಿನ ಚೀಲವನ್ನು ವಾಚ್‌ಮನ್ ಕೈಗೆ ಕೊಟ್ಟು, "ನಮ್ಮುಡುಗೀಗೆ ಕೊಟ್ಬಿಡಪ್ಪಾ" ಎಂದು ಹೇಳಿ, ಬಂದ ದಾರಿಯಲ್ಲೇ ಬಸ್‌ಸ್ಟ್ಯಾಂಡಿಗೆ ನಡೆದಳು.

ಸಂಜೆ ಆ ಚೀಲ ನೋಡಿ ನನಗೆ ಅಳು ಬಂತು. ಯಜಮಾನರಿಗೆ ಅವತ್ತು ಮಾವಿನ ಹಣ್ಣೂ ಇಲ್ಲ, ಮಾತೂ ಇಲ್ಲ.

ಭಾನುವಾರ ಮೊದಲ ಬಸ್ಸಿಗೇ ರಾಯಲ್ಪಾಡಿಗೆ ಹೋದೆ. ಅಮ್ಮ ಹಟ್ಟಿಯಲ್ಲಿ ಟೊಮ್ಯಾಟೊ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಎಪ್ಪುಡು ಪೋತಾವನಿ ಅಡಿಗಿನಾಡು" ಎಂದಳು. ಯಾವಾಗ ಹೋಗ್ತೀಯಾ ಅಂತ ಕೇಳಿದ, ಎಂದು. ಅಮ್ಮನಿಗೆ ಸಿಟ್ಟು ಬಂದರೆ ಕನ್ನಡ ಹಿಂದೆ ಸರಿದು ತೆಲುಗು ಮುಂದೆ ಬರುತ್ತದೆ. "ನಿನ್ ಮನೆಗೆ ಇನ್ ಬರಲ್ಲ ಕಣೇ. ನೋಡ್ಬೇಕು ಅನ್ಸಿದ್ರೆ ನೀನೇ ಬಾ."

ನಾನು ಸಮಾಧಾನ ಹೇಳಿದೆ. ನಿನ್ನೊಬ್ಬಳಿಗೇ ಅಲ್ಲ, ನಿಯಮ ಎಲ್ಲರಿಗೂ ಒಂದೇ, ಯಾರೇ ಬಂದರೂ ಅವರ ಮನೆಯಲ್ಲಿ ಪರಿಚಯ ಮಾಡಿಕೊಳ್ಳಬೇಕು ಎಂದೆ.

ಅಮ್ಮನ ಕೈ ನಿಂತಿತು. "ಪರಿಚಯ ಅಂದ್ರೆ ಎಷ್ಟೊತ್ತು?"

"ಅದಕ್ಕೆ ನಿಯಮ ಇಲ್ಲ."

"ಎಷ್ಟು ಜನ ಬರ್ಬೋದು?"

"ಅದಕ್ಕೂ ಇಲ್ಲ."

ಅಮ್ಮ ಮೆಲ್ಲಗೆ ನಕ್ಕಳು. ನಾನು ಚಿಕ್ಕವಳಿದ್ದಾಗ ಪಕ್ಕದ ಹೊಲದವನು ಬದು ಒತ್ತಿದಾಗ ಅವಳು ಇದೇ ನಗು ನಕ್ಕದ್ದು ನೆನಪಿದೆ. ಆಮೇಲೆ ಬದು ತನ್ನ ಜಾಗಕ್ಕೆ ತಾನೇ ವಾಪಸು ಬಂದಿತ್ತು.

"ಹಂಗಾದ್ರೆ ನೆಟ್ಟಗೆ ಪರಿಚಯ ಮಾಡ್ಕೊಳ್ಳಾಣ ಬಿಡು" ಎಂದಳು.

ಎರಡು ದಿನ ಬಿಟ್ಟು ಅಮ್ಮ ಬಂದಳು. ಜೊತೆಗೆ ಚಿಕ್ಕಮ್ಮ, ಕಿವಿ ಮಂದವಾದ ದೊಡ್ಡಪ್ಪ. ನೇರವಾಗಿ ಅಧ್ಯಕ್ಷರ ಜಗಲಿಗೆ ಹೋಗಿ, ಯಾರೂ ಹೇಳದೆಯೇ ಚಕ್ಕಳಮಕ್ಕಳ ಹಾಕಿ ಕೂತರು. ನಾನೂ ರಜ ಹಾಕಿ ಹಿಂದೆಯೇ ಹೋದೆ. (ಇಂಥದ್ದನ್ನು ಬಿಟ್ಟು ಪಾಠ ಮಾಡಲಾದೀತೇ?)

"ಸಾಮಿ, ಮೊನ್ನೆ ಅವಸರದಾಗೆ ಪರಿಚಯ ಸರಿಯಾಗಿ ಆಗ್ಲಿಲ್ಲ" ಎಂದು ಅಮ್ಮ ಶುರು ಮಾಡಿದಳು. ಮುತ್ತಾತನಿಂದ ಹೊರಟಳು. ಮುತ್ತಾತನಿಗೆ ಇಬ್ಬರು ಹೆಂಡಿರು, ಅವರಲ್ಲಿ ದೊಡ್ಡಾಕೆಗೆ ಮಕ್ಕಳಿಲ್ಲ. ಅದು ಯಾಕೆ ಎಂಬುದನ್ನೂ ಹೇಳಿದಳು. ಅಜ್ಜನ ಕಾಲಕ್ಕೆ ಬರುವಷ್ಟರಲ್ಲಿ ಅಧ್ಯಕ್ಷರ ಹೆಂಡತಿ ಸಾವಿತ್ರಮ್ಮ ಬಾಗಿಲಲ್ಲಿ ಇಣುಕಿದರು. ಮನೆಗೆ ಬಂದು ಕೂತವರಿಗೆ ಕಾಫಿ ಕೊಡದೆ ಕಳಿಸಲಾದೀತೇ? ಕಾಫಿ ಬಂತು. ಕಾಫಿ ಬಂದ ಮೇಲೆ ಎದ್ದುಹೋಗಲಾದೀತೇ? ಇನ್ನು ಅಧ್ಯಕ್ಷರ ಸರದಿ.

"ನಿಮ್ದು ಯಾವೂರು ಸಾಮಿ? ಮಕ್ಕಳೆಷ್ಟು? ಮಗನಿಗೆ ಯಾಕಿನ್ನೂ ಮದ್ವೆ ಮಾಡಿಲ್ಲ? ಏನಾನ ಐಬಾ?"

ಐಬು ಎಂಬುದು ದೊಡ್ಡಪ್ಪನಿಗೆ ಸರಿಯಾಗಿ ಕೇಳಿಸಲಿಲ್ಲ. "ಏನಂತೆ? ಹುಡುಗನಿಗೆ ಏನಾಗೈತಂತೆ?" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದರು. ಅಧ್ಯಕ್ಷರು ಎದ್ದು ಒಳಗೆ ಹೋದರು. ಪರಿಚಯ ಪೂರ್ತಿ ಆಗಿಲ್ಲವಲ್ಲ ಎಂದು ನಮ್ಮವರು ಕೂತೇ ಇದ್ದರು. ಊಟದ ಹೊತ್ತಾಯಿತು.

ಸುದ್ದಿ ಹರಡಲು ಎಷ್ಟು ಹೊತ್ತು? ಹಿಂದಿನ ಮನೆಯ ಜಯಮ್ಮ ಸಂಜೆ ಹಿತ್ತಿಲ ಗೋಡೆಯ ಹತ್ತಿರ ಬಂದು, "ನಮ್ ಕ್ಯಾಲನೂರಿನ ಭಾವಂದಿರೂ ಬಾಳ ದಿನದಿಂದ ಬಂದಿಲ್ಲ ಕಣ್ರೀ, ಬರಕ್ಕೆ ಹೇಳಾಣ ಅಂತಿದ್ದೀನಿ" ಎಂದರು. ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಕಲಿತ ಹೆಂಗಸು.

ಆಮೇಲೆ ಶುರುವಾಯಿತು ನೋಡಿ ಶಿಸ್ತುಪಾಲನೆ! ಮಾಲೂರಿನಿಂದ ಒಬ್ಬರ ಬೀಗರು, ಮುಳಬಾಗಿಲಿನಿಂದ ಇನ್ನೊಬ್ಬರ ಷಡ್ಡಕ, ಕ್ಯಾಲನೂರಿನಿಂದ ಜಯಮ್ಮನ ಭಾವಂದಿರು. ಭಾವಂದಿರು ತಮ್ಮ ಪರಿಚಯ ಮುಗಿಸಿ ಹಸುಗಳ ಪರಿಚಯಕ್ಕೂ ಇಳಿದರು. ಯಾರೋ ಒಬ್ಬರಿಗೆ ಅಧ್ಯಕ್ಷರು ರೆವಿನ್ಯೂನಲ್ಲಿದ್ದವರು ಎಂದು ಗೊತ್ತಾಯಿತು. ಮುಗಿಯಿತು. ಬಂದವರೆಲ್ಲ ಪಹಣಿ, ಪೋಡಿ, ಖಾತೆ ಎಂದು ಕೇಳತೊಡಗಿದರು. ರಿಟೈರಾದ ಮನುಷ್ಯನ ಜಗಲಿ ನೋಡನೋಡುತ್ತಲೇ ತಾಲ್ಲೂಕು ಆಫೀಸಾಯಿತು. ಪಾಪ, ಮಧ್ಯಾಹ್ನದ ನಿದ್ದೆ ಇಲ್ಲ, ರೇಡಿಯೋ ವಾರ್ತೆ ಇಲ್ಲ. ನಮ್ಮ ಯಜಮಾನರ ಹತ್ತಿರ ಬಂದು, "ನಿಮ್ಮ ಕಾಲೊನಿಯವ್ರಿಗೆ ಇಷ್ಟು ಜನ ನೆಂಟರು ಎಲ್ಲಿಂದ ಬರ್ತಾರ್ರೀ?" ಎಂದು ಕೇಳಿದರಂತೆ. 'ನಿಮ್ಮ' ಕಾಲೊನಿ!

ಆದರೆ ನಾವು ಲೆಕ್ಕಕ್ಕೇ ಹಿಡಿಯದ ಒಂದು ಸಂಗತಿ ಆ ಮನೆಯೊಳಗೆ ನಡೆಯುತ್ತಿತ್ತು.

ಒಂದು ದಿನ ಸೇರು ವಾಪಸು ಕೊಡಲು ಅವರ ಅಡುಗೆಮನೆಗೆ ಹೋದೆ. ಪರಿಚಯ ಇನ್ನೂ ಮುಗಿದಿಲ್ಲವೆಂದು ನಮ್ಮ ಮನೆಯಲ್ಲೇ ಉಳಿದಿದ್ದ ಅಮ್ಮ ಅಲ್ಲಿದ್ದಳು, ಸೊಪ್ಪು ಸೋಸುತ್ತಾ. ಸಾವಿತ್ರಮ್ಮ ಏನೋ ಹೇಳಿಕೊಂಡು ನಗುತ್ತಿದ್ದರು. ಅವರು ನಕ್ಕಿದ್ದನ್ನು ನಾನು ಕಂಡಿರಲೇ ಇಲ್ಲ. ನನ್ನನ್ನು ನೋಡಿ ಸೆರಗಿನಿಂದ ಕಣ್ಣೊರಸಿಕೊಂಡರು.

"ಇವ್ರ ಸರ್ವೀಸಿನಲ್ಲಿ ಎಷ್ಟು ಊರು ಸುತ್ತಿದೆವಮ್ಮ, ಒಂದ್ ಕಡೆನೂ ನಮ್ಮನೆಗೆ ಯಾರೂ ಬರ್ತಿರ್ಲಿಲ್ಲ" ಎಂದರು. "ಬಂದ್ರೂ ಇವ್ರ ಹತ್ರ ಕೆಲಸಕ್ಕೆ ಬರೋರು. ಬಾಗಿಲಲ್ಲೇ ನಿಂತು ಹೋಗೋರು. ಒಳಗೆ ಬಂದು ಕೂತು, ನಿನ್ನ ಹೆಸರೇನಮ್ಮಾ ಅಂತ ನನ್ನ ಕೇಳಿದ್ದು ನಿಮ್ ತಾಯೀನೇ ಮೊದ್ಲು."

ನಾವು ಕಾಟ ಕೊಡಲು ಕಳಿಸಿದ ಜನ ಈಕೆಗೆ ಹಬ್ಬವಾಗಿದ್ದರು.

ಹೋದ ವಾರ ಸಂಘದ ಮೀಟಿಂಗ್. ಅಧ್ಯಕ್ಷರ ಕಣ್ಣ ಸುತ್ತ ಕಪ್ಪು. ಎದ್ದು ನಿಂತು, ನೆಂಟರ ನಿಯಮವನ್ನು ಈ ಕ್ಷಣದಿಂದಲೇ ರದ್ದು ಮಾಡುವ ಠರಾವನ್ನು ತಾವೇ ಮಂಡಿಸಿದರು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ತುಟಿ ಕಚ್ಚಿಕೊಂಡಿದ್ದವರು ಬಾಯಿ ಬಿಟ್ಟರೆ ನಗು ಹೊರಬೀಳುತ್ತಿತ್ತು. ಜಯಮ್ಮ ಮಾತ್ರ ಗಂಭೀರವಾಗಿ, "ನಮ್ ಭಾವಂದಿರು ಇನ್ನೊಂದ್ಸಲ ಬರ್ತೀವಿ ಅಂದಿದ್ರು ಸಾರ್" ಎಂದರು.

ಆಗ ಹೆಂಗಸರ ಸಾಲಿನಿಂದ ಸಾವಿತ್ರಮ್ಮ ಎದ್ದರು. ಮೀಟಿಂಗಿನಲ್ಲಿ ಅವರು ಬಾಯಿ ತೆರೆದದ್ದು ಅದೇ ಮೊದಲು.

"ನಿಯಮ ಬೇಕಾದ್ರೆ ತೆಗೀರಿ. ಬರೋರು ಬಂದೇ ಬರ್ತಾರೆ. ನಾನು ನಾಳೆ ರಾಯಲ್ಪಾಡಿಗೆ ಹೊರಟಿದ್ದೀನಿ, ಈ ಟೀಚರಮ್ಮನ ತಾಯಿ ಮನೆಗೆ. ನೀಲಂ ಮಾವು ಮುಗಿಯೋವರೆಗೂ ಅಲ್ಲೇ ಇರ್ತೀನಿ."

ಅಧ್ಯಕ್ಷರು ತಬ್ಬಿಬ್ಬಾದರು. "ನನ್ ಊಟ?"

"ಸಂಘ ಇದೆಯಲ್ಲ" ಎಂದು ಹೇಳಿ ಕೂತರು.

ಮರುದಿನ ಬೆಳಿಗ್ಗೆ ಅಮ್ಮನೂ ಸಾವಿತ್ರಮ್ಮನೂ ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಹೋದರು. ಕಿಟಕಿಯ ಸೀಟು ಸಾವಿತ್ರಮ್ಮನದು. ಅವರು ನಮ್ಮ ಕಡೆ ಕೈ ಬೀಸಿದರು. ಹಿಂದೆಯೇ ನಿಂತಿದ್ದ ಅಧ್ಯಕ್ಷರ ಕಡೆಗೂ ಬೀಸಿದರು ಎಂದು ನಾನು ಅವರಿಗೆ ಹೇಳಿದ್ದೇನೆ.

ಈಗ ಅಧ್ಯಕ್ಷರು ದಿನಕ್ಕೊಂದು ಮನೆಯಲ್ಲಿ ಊಟ ಮಾಡುತ್ತಿದ್ದಾರೆ. ಮೊನ್ನೆ ನಮ್ಮಲ್ಲಿ ಮುದ್ದೆ, ಉಪ್ಸಾರು. ಎರಡನೇ ಮುದ್ದೆಗೂ ಬೇಡ ಎನ್ನಲಿಲ್ಲ. ಕೈ ತೊಳೆಯುವಾಗ ಯಜಮಾನರ ಕಿವಿಯಲ್ಲಿ ಒಂದು ಹೊಸ ನಿಯಮದ ಬಗ್ಗೆ ಉಸುರಿದರಂತೆ: ಕಾಲೊನಿಯ ಹೆಂಗಸರು ತಂಗಲು ಊರಿಗೆ ಹೋಗುವುದಿದ್ದರೆ ಸಂಘದ ಅನುಮತಿ ಪಡೆಯಬೇಕು. ಕಮಿಟಿಯ ಗಂಡಸರೆಲ್ಲ ಒಳಗೊಳಗೇ ಒಪ್ಪಿದ್ದಾರೆ ಎಂದೂ ಕೇಳಿದೆ.

ಒಪ್ಪಲಿ. ಅದನ್ನು ನಮ್ಮೆದುರು ನಿಂತು ಓದಿ ಹೇಳುವ ಗಂಡಸು ಯಾರು?