ಒಂದನೇ ನಂಬರಿನ ಕೇಬಲ್

ಹಂಸಾ ಅವರಿಗೆ ಹೇಸಿಗೆಯಾಗಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಜಯನಗರದ ದರ್ಶಿನಿಯಲ್ಲಿ ಕಾಫಿ ಲೋಟದ ಅಂಚಿಗೆ ಹಿಂದಿನವರ ತುಟಿಯ ಗುರುತು ಕಂಡರೆ ಸಾಕು, ಆ ದಿನದ ಕಾಫಿಗೆ ಎಳ್ಳುನೀರು ಬಿಟ್ಟ ಹಾಗೆ. ಆಟೋ ಸೀಟನ್ನು ಕರವಸ್ತ್ರದಿಂದ ಒರೆಸದೆ ಕೂತವರಲ್ಲ. ಬೆಳಗ್ಗೆ ಯಡಿಯೂರು ಕೆರೆಯ ಸುತ್ತ ನಡೆಯುವಾಗಲೂ ಯಾರು ಎಲ್ಲಿ ಉಗುಳಿದ್ದಾರೆ ಎಂದು ನೋಡಿಕೊಂಡೇ ಹೆಜ್ಜೆ ಇಡುವರು.

"ನಿನ್ನ ಮೂಗು ಹುಟ್ಟಿದಾಗಿಂದ್ಲೂ ಹಿಂಗೇ ಸುಕ್ಕಾಗಿತ್ತಾ, ನನ್ನ ಮದುವೆ ಆದ್ಮೇಲಾ?" ಎಂದು ಗಂಡ ಮಾಧವ ರೇಗಿಸುತ್ತಿದ್ದರು.

ಆ ಮೂಗೇ ಅವರಿಗೆ ಅನ್ನ ಕೊಟ್ಟಿದ್ದು ಎಂದರೂ ತಪ್ಪಿಲ್ಲ. ಜೆ.ಪಿ. ನಗರದಲ್ಲಿ ಒಂದು ಸಹಕಾರಿ ಬ್ಯಾಂಕಿನ ಡೇಟಾ ಸೆಂಟರ್ ಇದೆ. ಮೂರನೇ ಮಹಡಿ, ಗಾಜಿನ ಬಾಗಿಲು, ಮೈ ನಡುಗುವ ಏಸಿ, ಸರ್ವರ್ ತುಂಬಿದ ನಲವತ್ತು ಕಬ್ಬಿಣದ ರ‍್ಯಾಕುಗಳು. ಇಪ್ಪತ್ತೆಂಟನೇ ವಯಸ್ಸಿಗೆ ಅಲ್ಲಿಗೆ ಸೇರಿದ ಹಂಸಾ ಅವರಿಗೆ ಈಗ ಐವತ್ತಮೂರು. ಅಷ್ಟೂ ವರ್ಷ ಆ ಕೋಣೆಯ ತಂತಿಗಳ ಯಜಮಾನಿಕೆ ಅವರದೇ. ನೀಲಿ, ಹಳದಿ, ಹಸಿರು ಈಥರ್ನೆಟ್ ಕೇಬಲ್‌ಗಳ ಎರಡೂ ತುದಿಗೆ ಅವರ ಕೈಬರಹದ ಚೀಟಿ. ಜೋತುಬಿದ್ದ ಒಂದು ವೈರು ಕಂಡರೂ ಅಂದು ಯಾರಿಗೋ ಗ್ರಹಚಾರ.

ಆಗಿನ ವ್ಯವಸ್ಥೆ ಸರಳವಾಗಿತ್ತು. ಒಂದು ರ‍್ಯಾಕಿನ ಸರ್ವರ್ ಪಕ್ಕದ ರ‍್ಯಾಕಿನ ಸರ್ವರ್ ಜೊತೆ ಮಾತಾಡಬೇಕಾದರೂ ಮಾತು ಎಲ್ಲ ತಂತಿಗಳೂ ಬಂದು ಕೂಡುವ ಮಧ್ಯದ ಪೆಟ್ಟಿಗೆ, ಅಂದರೆ ದೊಡ್ಡ ಸ್ವಿಚ್‌ವರೆಗೆ ಹತ್ತಿ ಇಳಿಯಬೇಕಿತ್ತು. ಅಲ್ಲಿಗೆ ಎರಡು ದಾರಿ. ಒಂದು ದುಡಿಯುತ್ತದೆ, ಇನ್ನೊಂದು ಅದು ಕೆಡಲಿ ಎಂದು ಕಾದು ಕೂತಿರುತ್ತದೆ. ದೊಡ್ಡ ಸ್ವಿಚ್ ಸೀನಿದರೆ ಎಲ್ಲ ಶಾಖೆಗಳೂ ಒಟ್ಟಿಗೆ ಫೋನ್ ಮಾಡಿ ಅರಚುತ್ತಿದ್ದವು. ಹಂಸಾ ಅವರಿಗೆ ಆ ಅರಚಾಟದ ಮೇಲೆ ಗೌರವವಿತ್ತು. ಕೆಟ್ಟಿದ್ದು ಕೆಟ್ಟಿದೆ ಎಂದು ಗೊತ್ತಾಗುತ್ತಿತ್ತಲ್ಲ.

ಕಳೆದ ವರ್ಷ ಶ್ರೀಕರ್ ಎಂಬ ಹೊಸ ಮ್ಯಾನೇಜರ್ ಬಂದ. ಅವನ ಜೊತೆ ಫ್ಯಾಬ್ರಿಕ್ ಎಂಬ ಮಾತೂ ಬಂತು. ಪ್ರತಿ ರ‍್ಯಾಕಿನ ನೆತ್ತಿಯಲ್ಲಿ ಒಂದು ಚಿಕ್ಕ ಸ್ವಿಚ್, ಅದು ಲೀಫ್. ನಡುವೆ ನಾಲ್ಕು ದೊಡ್ಡವು, ಅವು ಸ್ಪೈನ್. ಪ್ರತಿ ಲೀಫ್‌ನಿಂದ ನಾಲ್ಕೂ ಸ್ಪೈನ್‌ಗಳಿಗೆ ಫೈಬರ್ ಕೇಬಲ್. ಯಾವ ದಾರಿಯೂ ಸುಮ್ಮನೆ ಕೂರುವುದಿಲ್ಲ, ನಾಲ್ಕರಲ್ಲೂ ಒಟ್ಟಿಗೆ ಓಡಾಟ.

"ಒಂದು ಹೋದ್ರೆ ಇನ್ನೂ ಮೂರಿರುತ್ತೆ ಮೇಡಂ. ಕಸ್ಟಮರ್‌ಗೆ ಗೊತ್ತೇ ಆಗಲ್ಲ."

"ನಮಗೆ?"

"ನಮಗ್ಯಾಕೆ ಗೊತ್ತಾಗ್ಬೇಕು?" ಎಂದು ಶ್ರೀಕರ್ ನಕ್ಕ.

ಹಂಸಾ ಅವರಿಗೆ ವಾಕರಿಕೆ ಬಂದಂತಾಯಿತು. ಮನೆಯ ಕಸವನ್ನು ಮಂಚದ ಕೆಳಗೆ ತಳ್ಳಿ ನೆಂಟರನ್ನು ಕರೆಯುವವರ ಬುದ್ಧಿ ಇದು ಎನಿಸಿತು. ಆದರೂ ಹಟ ಹಿಡಿದು ಮೂರು ತಿಂಗಳು ಓದಿದರು. ಹಳೆಯದು ಏದುಸಿರು ಬಿಡುತ್ತಿದೆ, ಹೊಸದು ನಿಜಕ್ಕೂ ವೇಗವಾಗಿದೆ ಎಂದು ಒಪ್ಪಿಕೊಂಡರು. ಒಂದೇ ಷರತ್ತು ಹಾಕಿದರು. ಫೈಬರಿನ ತುದಿಯ ಗಾಜು ಕೂದಲಿಗಿಂತ ಸಣ್ಣದು, ಕಣ್ಣಿಗೆ ಕಾಣದ ಧೂಳೂ ಅದನ್ನು ಕೆಡಿಸುತ್ತದೆ. ಆದ್ದರಿಂದ ಸಿಕ್ಕಿಸುವ ಮೊದಲು ಪ್ರತಿ ತುದಿಯನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಒರೆಸಬೇಕು, ಮತ್ತೆ ನೋಡಬೇಕು. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದರು.

ಕೇಬಲ್ ಎಳೆಯಲು ಗುತ್ತಿಗೆದಾರರು ಕಳಿಸಿದ್ದು ಮಹೇಶನನ್ನು. ಸುದ್ದಗುಂಟೆಪಾಳ್ಯದವನು, ನಲವತ್ತೈದರ ಆಸುಪಾಸು. ಅವನಷ್ಟು ಅಚ್ಚುಕಟ್ಟಾಗಿ ಫೈಬರ್ ಕೂರಿಸುವವರು ಕಡಿಮೆ. ಆದರೆ ದವಡೆಯಲ್ಲಿ ಸದಾ ಎಲೆ ಅಡಿಕೆ. ಆ ಕೆಂಪು ಹಲ್ಲು ಕಂಡರೆ ಹಂಸಾ ಅವರಿಗೆ ಅವನ ಕೆಲಸವೇ ಕಾಣುತ್ತಿರಲಿಲ್ಲ.

"ಮೊದ್ಲು ಬಾಯಿ ತೊಳ್ಕೊಂಡು ಬಾ, ಆಮೇಲೆ ಮಾತು" ಎನ್ನುವರು. ಅವನು ಎದ್ದು ಹೋಗುವನು.

ಹೊಸ ಸ್ಪೈನ್‌ಗಳು ಬಂದು ನಿಂತಿದ್ದು ಆಯುಧಪೂಜೆಯ ಹೊತ್ತಿಗೆ. ಹಳೆಯ ಸ್ವಿಚ್‌ಗೆ ಪ್ರತಿವರ್ಷ ಅರಿಶಿನ ಕುಂಕುಮ ಇಡುತ್ತಿದ್ದವರು ಹಂಸಾ ಅವರೇ. ಈ ಸಲವೂ ಅವರೇ ಬೆರಳು ಅದ್ದಿ ನಾಲ್ಕೂ ಸ್ಪೈನ್‌ಗಳ ಹಣೆಗೆ ಇಟ್ಟರು, ಸೇವಂತಿಗೆ ಹಾರ ಹಾಕಿದರು. ಅಷ್ಟರಲ್ಲಿ ಮಹೇಶ ಬಾಗಿಲು ತಳ್ಳಿದ. ದವಡೆ ಉಬ್ಬಿತ್ತು.

"ಪೂಜೆ ದಿನಾನೂ ಇದೇನಾ? ಹೊರಗೆ ನಿಂತ್ಕೋ" ಎಂದರು. ಎಲ್ಲರೂ ತಿರುಗಿ ನೋಡಿದರು. ಮಹೇಶ ಗಾಜಿನ ಆಚೆ ನಿಂತ.

"ಮೊದಲ್ನೇ ಕೇಬಲ್ ನಿಮ್ಮ ಕೈಯಿಂದ್ಲೇ ಆಗ್ಲಿ ಮೇಡಂ" ಎಂದ ಶ್ರೀಕರ್. ಹಂಸಾ ಒಂದನೇ ನಂಬರಿನ ಚೀಟಿ ಅಂಟಿಸಿದ ಕೇಬಲ್ ಎತ್ತಿಕೊಂಡು, ತುದಿಯ ಮುಚ್ಚಳ ತೆಗೆದು, ಮೊದಲ ಸ್ಪೈನ್‌ಗೆ ಸಿಕ್ಕಿಸಿದರು. ಚಪ್ಪಾಳೆಯಾಯಿತು. ಫೋಟೋ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಹೋಯಿತು. ಅದರ ಇನ್ನೊಂದು ತುದಿಯನ್ನೂ ಉಳಿದ ನೂರೈವತ್ತೊಂಬತ್ತು ಕೇಬಲ್‌ಗಳನ್ನೂ ಮಹೇಶ ಆಮೇಲೆ ಹಾಕಿದ.

ಬ್ಯಾಂಕಿನ ವ್ಯವಹಾರ ಹೊಸ ಫ್ಯಾಬ್ರಿಕ್‌ಗೆ ಬಂದ ವಾರದಲ್ಲೇ ವಿಚಿತ್ರ ದೂರುಗಳು ಶುರುವಾದವು. ಚಿಕ್ಕಲಸಂದ್ರ ಶಾಖೆಯ ಒಂದೇ ಕೌಂಟರಿನಲ್ಲಿ ಮುಂದಿನವರ ಕೆಲಸ ಥಟ್ಟನೆ ಆಗುತ್ತದೆ, ಹಿಂದಿನವರದು ಸುತ್ತುತ್ತಲೇ ಇರುತ್ತದೆ. ಎರಡು ದಿನ ಹುಡುಕಿದ ಮೇಲೆ ನಾಲ್ಕರಲ್ಲಿ ಒಂದು ದಾರಿ ಹಿಡಿದ ಮಾಹಿತಿ ಮಾತ್ರ ಕೆಟ್ಟು ಹೋಗುತ್ತಿದೆ ಎಂದು ಪರದೆಯ ಮೇಲೆ ಕಂಡಿತು. ಶ್ರೀಕರ್ ಕೂತಲ್ಲಿಂದಲೇ ಆ ದಾರಿ ಮುಚ್ಚಿದ. ದೂರು ನಿಂತಿತು.

"ನೋಡಿದ್ರಾ? ಇದೇ ಫ್ಯಾಬ್ರಿಕ್" ಎಂದ.

ಮುಖ್ಯ ಕಚೇರಿಗೆ ಕಾರಣ ಬೇಕಿತ್ತು. ಹಂಸಾ ರ‍್ಯಾಕಿನ ಹತ್ತಿರವೂ ಹೋಗದೆ ಬರೆದುಕೊಟ್ಟರು: ಗುತ್ತಿಗೆ ಸಿಬ್ಬಂದಿ ಮಹೇಶ್, ಎಲೆ ಅಡಿಕೆ ಮುಟ್ಟಿದ ಕೈಯಲ್ಲಿ ಕೆಲಸ. ಬರೆಯುವಾಗ ಅವನ ಹಲ್ಲು ಕಣ್ಮುಂದೆ ಬಂದು ಮೈ ಮುದುರಿತು. ಶುಕ್ರವಾರ ಗುತ್ತಿಗೆದಾರರು ಅವನನ್ನು ಕೆಲಸದಿಂದ ತೆಗೆದರು.

ಶನಿವಾರ ಮಧ್ಯಾಹ್ನ ಹಂಸಾ ಕೇಬಲ್ ಸ್ವಚ್ಛ ಮಾಡಲು ಒಳಗೆ ಹೋದರು. ಕೊಳೆಯನ್ನು ಒರೆಸಿ ಸಾಕ್ಷಿಯಾಗಿ ಇಟ್ಟುಕೊಳ್ಳುವ ಉಮೇದು ಬೇರೆ ಇತ್ತು. ಮಹೇಶ ಹಾಕಿದ್ದ ಲೀಫ್ ಕಡೆಯ ತುದಿಯನ್ನು ಸೂಕ್ಷ್ಮದರ್ಶಕಕ್ಕೆ ಹಿಡಿದರು. ಗಾಜು ತೊಳೆದಿಟ್ಟ ಹಾಗಿತ್ತು. ಸ್ಪೈನ್ ಕಡೆಯದನ್ನು ಬಿಚ್ಚಿ ನೋಡಿದರು. ಸೂಕ್ಷ್ಮದರ್ಶಕದ ಪರದೆಯ ತುಂಬ ಕಪ್ಪು ಕಾಳುಗಳು. ಥೂ ಎನ್ನುತ್ತ ಫೈಬರ್ ಒರೆಸುವ ಬಿಳಿ ರಿಬ್ಬನ್ನಿನ ಮೇಲೆ ಉಜ್ಜಿದರು. ಕೆಂಪು ಗೆರೆ ಮೂಡಿತು.

ಎಲೆ ಅಡಿಕೆಯ ಕೆಂಪು ಇಷ್ಟು ದಿನಕ್ಕೆ ಕಂದಬೇಕಿತ್ತು. ಇದು ಹೊಳೆಯುತ್ತಿತ್ತು. ಚೀಟಿ ನೋಡಿದರು. ಒಂದನೇ ನಂಬರು. ಫೋನ್ ತೆಗೆದು ಪೂಜೆಯ ಫೋಟೋ ದೊಡ್ಡದು ಮಾಡಿದರು. ಹಲ್ಲು ಬಿಟ್ಟು ನಗುತ್ತಿರುವ ಹಂಸಾ, ಎರಡು ಬೆರಳ ತುಂಬ ಕುಂಕುಮ, ಆ ಬೆರಳಿನ ನಡುವೆ ಮುಚ್ಚಳವಿಲ್ಲದ ತುದಿ. ಹಿಂದಿನ ಗೋಡೆಯಲ್ಲಿ ಅವರೇ ಅಂಟಿಸಿದ ನಿಯಮ.

ತನ್ನ ಕೈಯನ್ನೇ ಕತ್ತರಿಸಿ ಎಸೆಯುವಷ್ಟು ಹೇಸಿಗೆಯಾಯಿತು.

ವಿಷಯ ತಿಳಿದು ಶ್ರೀಕರ್ ಒಳಗೆ ಬಂದ. "ಒರೆಸಿ ಆಯ್ತಲ್ಲ, ಲಿಂಕ್ ಸರಿಹೋಯ್ತಲ್ಲ, ಬಿಡಿ ಮೇಡಂ. ರಿಪೋರ್ಟ್ ಹೋಗಾಗಿದೆ. ಅವ್ರು ಬೇರೆ ಯಾರನ್ನಾದ್ರೂ ಕಳಿಸ್ತಾರೆ."

ಒಂದು ಹೋದರೆ ಇನ್ನೊಂದು. ಅವನ ಮಾತಿಗಿಂತ ಅಸಹ್ಯವಾದದ್ದು, ಹೌದಲ್ಲ, ಬಿಟ್ಟುಬಿಡೋಣ ಎಂದು ಒಂದು ನಿಮಿಷ ತನಗೂ ಅನಿಸಿತಲ್ಲ, ಅದು. ಹಂಸಾ ಕೂತು ಹೊಸ ವರದಿ ಬರೆದರು. ಮಹೇಶನ ಹೆಸರಿದ್ದ ಜಾಗದಲ್ಲಿ ತನ್ನ ಹೆಸರು ಹಾಕಿದರು. ರಿಬ್ಬನ್ನಿನ ತುಂಡನ್ನು ಪಿನ್ ಮಾಡಿ, ಫೋಟೋ ಜೊತೆಗಿಟ್ಟು, ಮುಖ್ಯ ಕಚೇರಿಗೂ ಗುತ್ತಿಗೆದಾರರಿಗೂ ಕಳಿಸಿದರು. ಆಮೇಲೆ ಮಹೇಶನಿಗೆ ಫೋನ್ ಮಾಡಿದರು.

"ತಪ್ಪು ನಂದು ಮಹೇಶ್. ನನ್ನ ಕೈ ಕುಂಕುಮ ಅದು. ಬರೆದು ಕಳಿಸಿದೀನಿ."

"ಗೊತ್ತಿತ್ತು ಮೇಡಂ. ಗಾಜಿಂದ ಕಾಣ್ತಿತ್ತು."

"ಮತ್ತೆ ಆ ತುದಿ ಒರೆಸ್ಬೇಕಿತ್ತಲ್ಲ?"

"ಪೂಜೆ ಮಾಡಿ ಹಾಕಿದ್ದನ್ನ ಕೀಳೋದಾ ಮೇಡಂ? ನಾನಾ?"

"ಅಲ್ಲೇ ಕೂಗಿ ಹೇಳ್ಬೋದಿತ್ತಲ್ಲ."

"ಬಾಯ್ತುಂಬ ಎಲೆ ಅಡಿಕೆ ಇತ್ತು ಮೇಡಂ. ಕೆಳಗೆ ಹೋಗಿ ನೀವು ಯಾವಾಗ್ಲೂ ಹೇಳೋ ಹಂಗೆ ಬಾಯಿ ತೊಳ್ಕೊಂಡು ಬಂದೆ. ಅಷ್ಟೊತ್ತಿಗೆ ನೀವು ಹಾಕ್ಬಿಟ್ಟಿದ್ರಿ."