ಅಂಗೈಯಗಲದ ಒರಟು

ಬೆಳಗಿನ ಐದೂಮುಕ್ಕಾಲು. ಅಡುಗೆಮನೆಯ ಬಾಗಿಲ ಮುಂದೆ ಮಂಡಿಯೂರಿ, ಕೆನ್ನೆ ಇನ್ನೇನು ನೆಲಕ್ಕೆ ತಾಗುತ್ತದೆ ಅನ್ನುವಷ್ಟು ಬಗ್ಗಿ, ಮೂಲೆಯಕ್ಕ ಕಲ್ಲನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದಾರೆ. ಮೇಲಿಂದ ನೋಡಿದರೆ ನೆಲ ಸುಳ್ಳು ಹೇಳುತ್ತದಂತೆ. ಕಿಟಕಿಯ ಮೊದಲ ಬೆಳಕು ಬಿಳಿ ಮಾರ್ಬಲ್ಲಿನ ಮೇಲೆ ಸಲೀಸಾಗಿ ಜಾರಿಕೊಂಡು ಬರುತ್ತದೆ, ಅಂಗೈಯಗಲದ ಒಂದು ಜಾಗದಲ್ಲಿ ಮಾತ್ರ ಮಂಕಾಗುತ್ತದೆ. ಮೂರು ಬೆಳಗಿನಿಂದ ಉಜ್ಜಿದ್ದಕ್ಕೆ ಆ ಜಾಗ ನಯವಾಗಿದೆ. ಇನ್ನು ಹೊಳಪು ಬಂದರೆ ಮುಗಿಯಿತು.

“ನನ್ನ ಕೈಯಿಂದ ಆಗಿದ್ದು, ನನ್ನ ಕೈಯಿಂದಲೇ ಹೋಗ್ಬೇಕು,” ಎನ್ನುತ್ತಾರೆ, ಒದ್ದೆ ಬಟ್ಟೆಗೆ ಪಾಲಿಶ್ ಪುಡಿ ಒತ್ತಿಕೊಳ್ಳುತ್ತ. “ಹದಿನಾಲ್ಕು ವರ್ಷ ಮನಸ್ಸಿಗೆ ಚುಚ್ಚಿದೆ ಇದು.”

ಒಳಕೋಣೆಯಲ್ಲಿ ಮನೆಯ ಅಜ್ಜಿ ಮಲಗಿದ್ದಾರೆ. ಎರಡು ವರ್ಷದಿಂದ ಅವರಿಗೆ ಕಣ್ಣು ಕಾಣುವುದಿಲ್ಲ. ಮೂರು ದಿನದಿಂದ ಜ್ವರ ಬೇರೆ, ನಿನ್ನೆ ಸಂಜೆ ಬಿಟ್ಟಿದೆ. ಅವರು ಏಳುವುದರೊಳಗೆ ಕೆಲಸ ಮುಗಿಯಬೇಕೆಂಬುದು ಮೂಲೆಯಕ್ಕನ ಆಸೆ. “ಕಣ್ಣು ಕಾಣದಿದ್ರೇನಂತೆ? ಕೈ ಹಿಡಿದು ಮುಟ್ಟಿಸ್ತೀನಿ. ಹೋಯ್ತು ನೋಡಿ ಅಮ್ಮ, ಅಂತೀನಿ.”

ಟೈಲ್ಸು ಮತ್ತು ಕಲ್ಲಿನ ನೆಲಗಳನ್ನು ಮನೆಮನೆಗೆ ಹೋಗಿ ತೊಳೆದುಕೊಡುವುದು ಇವರ ಕಸುಬು. ಗುಡಿಸಿ ಒರೆಸುವ ಕೆಲಸವಲ್ಲ, ಅದನ್ನು ಮೊದಲೇ ಸ್ಪಷ್ಟಪಡಿಸುತ್ತಾರೆ. ಸಂದುಗಳಲ್ಲಿ ಕೂತ ಕಪ್ಪು, ಬಚ್ಚಲ ಗೋಡೆಯ ಮೇಲೆ ಗಡಸುನೀರು ಬಿಟ್ಟುಹೋದ ಬಿಳಿ ಪೊರೆ, ಒಲೆಯ ಹಿಂದಿನ ಎಣ್ಣೆ ಜಿಡ್ಡು, ಯಾರೋ ಚೆಲ್ಲಿ ಯಾರಿಗೂ ಹೇಳದೆ ಬಿಟ್ಟ ಕಾಫಿ. ದಿನಕ್ಕೆ ಎರಡು ಮನೆ. ಲೆಕ್ಕ ಗಂಟೆಗಳಲ್ಲಿ ಅಲ್ಲ, ಟೈಲುಗಳಲ್ಲಿ: ನಿನ್ನೆ ನಾನೂರ ಹನ್ನೆರಡು. ಸಂದು ಉಜ್ಜಲು ತಿಂಗಳಿಗೆ ಎಂಟು ಹಲ್ಲುಜ್ಜುವ ಬ್ರಷ್ಷು ಸವೆಯುತ್ತವೆ. ಮಂಡಿಗೆ ಕಟ್ಟಿಕೊಂಡಿರುವುದು ಹಳೆಯ ಹವಾಯಿ ಚಪ್ಪಲಿಯ ಅಟ್ಟೆ. ಹಾಗಿದ್ದೂ ಏಳುವಾಗ ಮಂಡಿ ಕಟಕ್ ಎನ್ನುತ್ತದೆ. ಗಂಡ ಬೇಕರಿಯಲ್ಲಿ ಹಿಟ್ಟು ನಾದುತ್ತಾರೆ. “ಇಬ್ಬರ ಕೈಲೂ ಗೆರೆಗಳಿಲ್ಲ. ಬೆರಳಚ್ಚಿನ ಯಂತ್ರದ ಮೇಲೆ ಬೆರಳಿಟ್ರೆ, ನೀವು ಯಾರೋ ನಂಗೊತ್ತಿಲ್ಲ ಅನ್ನುತ್ತೆ. ಕಳ್ಳತನಕ್ಕೆ ಹೊರಟ್ರೆ ನಾವೇ ಸರಿ.”

ಮೂಲೆಯಕ್ಕ ಎಂಬುದು ಗಿರಾಕಿಗಳು ಇಟ್ಟ ಹೆಸರು. ಯಾವ ಮನೆಗೆ ಹೋದರೂ, ಯಾವ ದ್ರಾವಣವಾದರೂ, ಮೊದಲು ಬಾಗಿಲ ಹಿಂದಿನ ಮೂಲೆಯಲ್ಲಿ ಎರಡು ಹನಿ ಹಾಕಿ, ನೆಲ ತಡೆದುಕೊಳ್ಳುತ್ತದೆಯೇ ಎಂದು ಹತ್ತು ನಿಮಿಷ ಕಾಲು ಚಾಚಿ ಕೂತು ಕಾಯುತ್ತಾರೆ. ಅವಸರದ ಮನೆಯವರು ಗೊಣಗುತ್ತಾರೆ. ಇವರು ಕದಲುವುದಿಲ್ಲ.

ಆ ಹತ್ತು ನಿಮಿಷ ಹುಟ್ಟಿದ್ದು ಈ ಮನೆಯಲ್ಲಿ. ಹದಿನಾಲ್ಕು ವರ್ಷದ ಹಿಂದೆ ಕೆಲಸಕ್ಕೆ ಹೊಸಬರಾಗಿದ್ದಾಗ, ಬಚ್ಚಲಿನ ಟೈಲ್ಸು ಆಸಿಡ್ಡಿನಿಂದ ಬೆಳ್ಳಗಾಗಿದ್ದು ನೋಡಿ ಹುರುಪು ಬಂತು. ಅಡುಗೆಮನೆ ಬಾಗಿಲಲ್ಲಿ ಅರಿಸಿನದ ಕಲೆಯೊಂದಿತ್ತು. ಬಾಟಲಿಯಲ್ಲಿ ಉಳಿದಿದ್ದನ್ನು ಅದರ ಮೇಲೆ ಸುರಿದರು. ಮಾರ್ಬಲ್ಲು ಬುಸ್ಸೆಂದು ನೊರೆಯೆದ್ದಿತು. ನೀರು ಹಾಕುವುದರೊಳಗೆ ಕಲ್ಲಿನ ಚರ್ಮ ಸುಲಿದಿತ್ತು.

“ಟೈಲ್ಸು ಭಟ್ಟಿಯಲ್ಲಿ ಬೆಂದು ಬಂದಿರುತ್ತೆ, ಮೈಮೇಲೆ ಗಾಜಿನ ಪೊರೆ ಬೇರೆ, ತಡ್ಕೊಳ್ಳುತ್ತೆ. ಮಾರ್ಬಲ್ಲು ಹಸಿ ಕೂಸು. ನಿಂಬೆರಸ ಬಿದ್ರೂ ಬೇಯುತ್ತೆ. ಎಣ್ಣೆ ಚೆಲ್ಲಿದ್ರೆ ಕುಡಿಯುತ್ತೆ. ಅದಕ್ಕೆ ಉಗುರುಬೆಚ್ಚಗಿನ ನೀರು, ಒಂದೆರಡು ಹನಿ ಮೆತ್ತನೆ ಸೋಪು, ಒಣ ಬಟ್ಟೆ, ಅಷ್ಟೇ ಸಾಕು. ಅವತ್ತು ನಂಗೆ ಎರಡೂ ಒಂದೇ. ನೆಲ ಅಂದ್ರೆ ನೆಲ.”

ಆಗ ಕಣ್ಣು ಚೆನ್ನಾಗಿದ್ದ ಅಜ್ಜಿ ಬಂದು ನೋಡಿದರು. ಬೈಯಲಿಲ್ಲ. ಒಂದು ಕಾಲೊರಸು ತಂದು ಅದರ ಮೇಲೆ ಹಾಕಿ, “ಮುಂದಿನ ವಾರ ಬರ್ತೀಯ ತಾನೇ?” ಎಂದು ಕೇಳಿದರು. “ಬೈದಿದ್ರೆ ಮರೆತುಬಿಡ್ತಿದ್ದೆ,” ಎನ್ನುತ್ತಾರೆ ಮೂಲೆಯಕ್ಕ.

ಅಜ್ಜಿಯ ಕಣ್ಣು ಹೋದ ಮೇಲೆ, ಎಡವುತ್ತಾರೆಂದು ಸೊಸೆ ಕಾಲೊರಸು ತೆಗೆದರು. ಕಲೆ ಬಯಲಾಯಿತು. ಕಳೆದ ತಿಂಗಳು ಹೊಸ ಕಟ್ಟಡವೊಂದರಲ್ಲಿ ಕಲ್ಲಿನ ಪಾಲಿಶ್ ಮಾಡುವವರ ಪಕ್ಕ ಕೂತು ಮೂಲೆಯಕ್ಕ ಕೆಲಸ ಕಲಿತರು. ಮೊದಲು ದೊರಗು ಉಪ್ಪುಕಾಗದ, ಆಮೇಲೆ ನಯದ್ದು, ಕೊನೆಗೆ ಪುಡಿ.

ಆರೂವರೆಗೆ ಹೊಳಪು ಬರುತ್ತದೆ. ಸೊಸೆ ಟಾರ್ಚು ಹಿಡಿದು ಹುಡುಕುತ್ತಾರೆ. “ಅಕ್ಕ, ಎಲ್ಲಿತ್ತು ಅಂತಲೇ ಗೊತ್ತಾಗ್ತಿಲ್ವಲ್ಲ.”

ಮೂಲೆಯಕ್ಕ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ.

ಅಷ್ಟರಲ್ಲಿ ಅಜ್ಜಿ ಎದ್ದು ಬರುತ್ತಾರೆ. ಒಂದು ಕೈ ಗೋಡೆಯ ಮೇಲೆ, ಬರಿಗಾಲು. ಬಾಗಿಲ ಹತ್ತಿರ ಗೋಡೆ ಮುಗಿಯುತ್ತದೆ. ಅಲ್ಲಿಂದ ಒಂದೇ ಹೆಜ್ಜೆ, ನಂತರ ಅಡುಗೆಮನೆಗೆ ಇಳಿಯುವ ಮೆಟ್ಟಿಲು. ಅಜ್ಜಿಯ ಬಲಗಾಲು ಮುಂದೆ ಬರುತ್ತದೆ, ನೆಲ ಸವರುತ್ತದೆ, ಎಡಕ್ಕೆ ಹೋಗುತ್ತದೆ, ಬಲಕ್ಕೆ ಬರುತ್ತದೆ. ಏನನ್ನೋ ಹುಡುಕುತ್ತಿದೆ. ಸಿಗದೆ ಇನ್ನೂ ಮುಂದೆ ಚಾಚಿ ಮೆಟ್ಟಿಲ ಅಂಚು ದಾಟುತ್ತದೆ.

ಮೂಲೆಯಕ್ಕ ಕೂತಲ್ಲಿಂದಲೇ ಎರಡೂ ಕೈಯಲ್ಲಿ ಆ ಪಾದವನ್ನು ಹಿಡಿದುಕೊಳ್ಳುತ್ತಾರೆ.

“ಯಾರದು? ನೀನೇನೇ?” ಎನ್ನುತ್ತಾರೆ ಅಜ್ಜಿ. “ನನ್ನ ಒರಟು ಕಲ್ಲು ಎಲ್ಲೋಯ್ತು?”

ಸೊಸೆಯ ಕೈಯಲ್ಲಿ ಟಾರ್ಚು ಇನ್ನೂ ಉರಿಯುತ್ತಿದೆ. “ಅತ್ತೆ, ಅದನ್ನ ಹಿಡ್ಕೊಂಡು ಓಡಾಡ್ತಿದ್ರಾ? ಒಂದು ಮಾತು ಹೇಳ್ಬಾರದಿತ್ತಾ?”

“ನೀನು ಕೇಳಿದ್ಯಾ? ಒರಟು ಸಿಕ್ಕಿದ್ರೆ ಮುಂದೆ ಮೆಟ್ಟಿಲು ಅಂತ ಕಾಲಿಗೆ ಗೊತ್ತು. ಕಾಲಿಗೆ ಗೊತ್ತಿದ್ದನ್ನೆಲ್ಲ ಬಾಯಲ್ಲಿ ಹೇಳ್ತಾರಾ?” ಅಜ್ಜಿ ಸೊಸೆಯ ತೋಳು ಹಿಡಿದು ಮೆಲ್ಲಗೆ ಕೂತು, ನೆಲದ ಮೇಲೆ ಅಂಗೈ ಆಡಿಸುತ್ತಾರೆ. ಬಹಳ ಹೊತ್ತು. “ಚೆನ್ನಾಗೇ ಮಾಡಿದೀಯ ಕಣೇ. ಅದೇ ತೊಂದರೆ.”

ಮೂಲೆಯಕ್ಕ ಪುಡಿಯ ಡಬ್ಬಿಯ ಮುಚ್ಚಳ ಹಾಕುತ್ತಾರೆ. ತೆಗೆಯುತ್ತಾರೆ. ಮತ್ತೆ ಹಾಕುತ್ತಾರೆ. ಸೊಸೆ ಬೇರೆ ಉಪಾಯಗಳನ್ನು ಹೇಳುತ್ತಾರೆ, ಅಂಟುಪಟ್ಟಿ, ರಬ್ಬರು ಹಾಳೆ. ಅಂಟು ಏಳುತ್ತದೆ, ರಬ್ಬರು ಮಡಚಿಕೊಳ್ಳುತ್ತದೆ, ಕಾಲು ಸಿಕ್ಕಿಕೊಳ್ಳುತ್ತದೆ. ಮೂಲೆಯಕ್ಕ ಎಲ್ಲಕ್ಕೂ ಬೇಡವೆಂದು ತಲೆಯಾಡಿಸಿ ಕೊನೆಗೆ ಕೇಳುತ್ತಾರೆ: “ಒಂದು ನಿಂಬೆಹಣ್ಣು ಕೊಡಿ.”

ಹೋಳು ಮಾಡಿದ ನಿಂಬೆಹಣ್ಣನ್ನು ಬಾಗಿಲ ಹಿಂದಿನ ಮೂಲೆಗೆ ಒಯ್ದು, ಎರಡು ಹನಿ ಹಿಂಡಿ, ಕಾಲು ಚಾಚಿ ಕೂರುತ್ತಾರೆ.

“ಅಕ್ಕ, ಹಾಳು ಮಾಡೋದಕ್ಕೂ ಹತ್ತು ನಿಮಿಷನಾ?” ಸೊಸೆಗೆ ನಗು ತಡೆಯಲಾಗುವುದಿಲ್ಲ.

“ಹಾಳು ಮಾಡೋದಕ್ಕೇ ಬೇಕು. ಸರಿ ಮಾಡೋದು ಯಾವಾಗ ಬೇಕಾದ್ರೂ ಮಾಡ್ಬಹುದು.”

ಆಮೇಲೆ ಬಾಗಿಲ ಮುಂದಿನ ಆ ಜಾಗಕ್ಕೆ ರಸ ಹಿಂಡುತ್ತಾರೆ, ರಸ ನಿಂತ ಕಲ್ಲು ಮಂಕಾಗುತ್ತದೆ. ನೀರು ಹಾಕಿ ತೊಳೆದು, ದೊರಗು ಉಪ್ಪುಕಾಗದ ಮಡಚಿ ಅಡ್ಡಡ್ಡ ಗೀರುತ್ತಾರೆ. ಮೂರು ಬೆಳಗಿನ ಹೊಳಪು ಬಿಳಿ ಧೂಳಾಗಿ ಬೆರಳಿಗೆ ಮೆತ್ತುತ್ತದೆ. ಅಜ್ಜಿ ಕುರ್ಚಿಯಲ್ಲಿ ಕೂತು, ದರ್ಜಿಗೆ ಅಳತೆ ಕೊಡುವವರಂತೆ ಆಗಾಗ ಪಾದ ಚಾಚುತ್ತಾರೆ.

“ಇನ್ನೂ ಸ್ವಲ್ಪ.”

ಗೀರುವ ಸದ್ದು.

“ಈ ಕಡೆ ಜಾರುತ್ತೆ ನೋಡು.”

ಮತ್ತೆ ಗೀರುವ ಸದ್ದು.

“ಹಾಂ.”

ಅಜ್ಜಿ ಎದ್ದು ಗೋಡೆಯವರೆಗೆ ಹಿಂದೆ ಹೋಗಿ ಮತ್ತೆ ಬರುತ್ತಾರೆ. ಗೋಡೆ ಮುಗಿಯುತ್ತದೆ. ಪಾದ ಒರಟನ್ನು ಮುಟ್ಟುತ್ತದೆ, ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ, ಮೆಟ್ಟಿಲಿಳಿಯುತ್ತದೆ. ಅಡುಗೆಮನೆಯಿಂದ ಅಜ್ಜಿಯ ದನಿ: “ಮುಂದಿನ ವಾರ ಬರ್ತೀಯ ತಾನೇ?”

“ಬರ್ತೀನಮ್ಮ.”

ಮೂಲೆಯಕ್ಕ ಮಂಡಿಯ ಅಟ್ಟೆ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಹೊರಡುವ ಮುನ್ನ ಮತ್ತೊಮ್ಮೆ ಬಗ್ಗಿ, ಓರೆಗಣ್ಣಿನಲ್ಲಿ ಆ ಅಂಗೈಯಗಲದ ಜಾಗವನ್ನು ನೋಡುತ್ತಾರೆ. ಅಲ್ಲಿಗೆ ಬಂದು ಬೆಳಕು ಮಂಕಾಗುತ್ತದೆ.

“ಅವತ್ತು ಅರ್ಧ ನಿಮಿಷದಲ್ಲಿ ಮಾಡಿದ್ದೆ, ಇವತ್ತು ಒಂದು ಗಂಟೆ ಹಿಡೀತು,” ಎನ್ನುತ್ತಾರೆ. “ಅವತ್ತಿಗಿಂತ ಚೆನ್ನಾಗಿ ಬಂದಿದೆ.”